ಭೂಗರ್ಭದ ಕಡಲು

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಕು ಹರಿಯುವ ಮೊದಲೇ ದುಡಿಮೆ ಆರಂಭವಾಗುತ್ತದೆ. ಬಲೆ, ಮಂಜುಗಡ್ಡೆ, ಕುಡಿಯುವ ನೀರು, ಅಡುಗೆಯ ಅಕ್ಕಿ ಇವನ್ನೆಲ್ಲ ತುಂಬಿಕೊಂಡ ಮೀನುಗಾರರ ದೋಣಿಗಳು ಒಂದರ ಹಿಂದೊಂದರಂತೆ ದಕ್ಕೆಯನ್ನು ಬಿಟ್ಟು ಹೊರಡುತ್ತವೆ. ಕಾಳಿ ನದಿಯ ಅಳಿವೆ, ಕೂರ್ಮಗಡದ ಗುಡ್ಡ, ದೇವಗಡದ ದೀಪಸ್ತಂಭ ಇವು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕೆಲವು ಗಂಟೆಗಳಲ್ಲಿ ಸಹ್ಯಾದ್ರಿಯ ನೀಲಿ ರೇಖೆಯೂ ನೀರಿನಲ್ಲಿ ಮುಳುಗಿದಂತಾಗಿ ಸುತ್ತಲೂ ಕಡಲು ಮಾತ್ರ ಉಳಿಯುತ್ತದೆ. ಆಗ ಚುಕ್ಕಾಣಿ ಹಿಡಿದ ತಾಂಡೇಲನ ಕಣ್ಣು ಎದುರಿಗಿರುವ ದುಂಡನೆಯ ಪುಟ್ಟ ಪೆಟ್ಟಿಗೆಯತ್ತ ಹೊರಳುತ್ತದೆ. ಅದೇ ದಿಕ್ಸೂಚಿ. ಇಂದು ಉಪಗ್ರಹಗಳ ನೆರವಿನಿಂದ ದಾರಿ ತೋರುವ ಯಂತ್ರಗಳೂ ದೋಣಿಗಳಲ್ಲಿ ಉಂಟು. ಆದರೆ ಉಪ್ಪುನೀರು ತಾಗಿ ಯಂತ್ರ ಕೆಟ್ಟಾಗ, ವಿದ್ಯುತ್ಕೋಶ ಬರಿದಾದಾಗ, ಮೋಡ ಕವಿದು ನಕ್ಷತ್ರಗಳು ಮರೆಯಾದಾಗ, ಮನೆಯ ದಾರಿ ತೋರಲು ಉಳಿಯುವುದು ಆ ಸೂಜಿಯೊಂದೇ.

ಪೆಟ್ಟಿಗೆಯನ್ನು ಯಾವ ಕಡೆಗೆ ತಿರುಗಿಸಿದರೂ ಸೂಜಿ ಸ್ವಲ್ಪ ಹೊತ್ತು ತುಯ್ದಾಡಿ ಮತ್ತೆ ಉತ್ತರಾಭಿಮುಖವಾಗಿ ನಿಲ್ಲುತ್ತದೆ. ಅಂಕೋಲೆಯ ಪೇಟೆಯಲ್ಲಾಗಲಿ, ಕಾರವಾರದ ಶಾಲೆಯ ಪ್ರಯೋಗಶಾಲೆಯಲ್ಲಾಗಲಿ, ನಡುಗಡಲಿನಲ್ಲಾಗಲಿ ಅದರ ನಡತೆ ಒಂದೇ. ಹಾಗಾದರೆ ಆ ಸೂಜಿಯನ್ನು ಎಳೆಯುವ ಕಾಣದ ಕೈ ಯಾವುದು? ಹಿಂದಿನವರಲ್ಲಿ ಕೆಲವರು ಧ್ರುವನಕ್ಷತ್ರವೇ ಅದನ್ನು ಎಳೆಯುತ್ತದೆಂದು ನಂಬಿದ್ದರು. ಉತ್ತರದ ಸಮುದ್ರದಲ್ಲಿ ಅಯಸ್ಕಾಂತದ ಬೆಟ್ಟವೊಂದಿದೆಯೆಂದು ಮತ್ತೆ ಕೆಲವರು ಹೇಳುತ್ತಿದ್ದರು. 1600ರಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟ್ ಈ ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡಿದನು. ಅವನು ಅಯಸ್ಕಾಂತದ ಕಲ್ಲನ್ನು ಚೆಂಡಿನಂತೆ ಕಡೆದು, ಅದರ ಮೇಲೆ ಪುಟ್ಟ ಸೂಜಿಗಳನ್ನಿಟ್ಟು ನೋಡಿದನು. ಭೂಮಿಯ ಮೇಲೆ ಸೂಜಿ ಹೇಗೆ ನಿಲ್ಲುತ್ತದೆಯೋ ಆ ಚೆಂಡಿನ ಮೇಲೆಯೂ ಹಾಗೆಯೇ ನಿಂತಿತು. ಭೂಮಿಯೇ ಒಂದು ಮಹಾ ಅಯಸ್ಕಾಂತವೆಂದು ಅವನು ಸಾರಿದನು.

ಆ ಚೆಂಡು ಇನ್ನೊಂದು ಸಂಗತಿಯನ್ನೂ ತೋರಿಸಿತು. ಮೇಲೆ ಕೆಳಗೆ ಆಡಲು ಬಿಟ್ಟ ಸೂಜಿ ಉತ್ತರಕ್ಕೆ ತಿರುಗುವುದಷ್ಟೇ ಅಲ್ಲ, ನೆಲದತ್ತ ಬಾಗಿಯೂ ನಿಲ್ಲುತ್ತದೆ. ಈ ಬಾಗನ್ನು ನತಿಯೆನ್ನುತ್ತಾರೆ. ಭಾರತದ ದಕ್ಷಿಣ ತುದಿಯ ಬಳಿ ಸೂಜಿ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುತ್ತದೆ. ಕಾರವಾರ, ಅಂಕೋಲೆಗಳಲ್ಲಿ 20 ಡಿಗ್ರಿಗಿಂತ ಕಡಿಮೆ ಬಾಗುತ್ತದೆ. ಉತ್ತರಕ್ಕೆ ಹೋದಂತೆ ಬಾಗು ಹೆಚ್ಚುತ್ತಾ ಹೋಗಿ, ಉತ್ತರ ಕಾಂತಧ್ರುವದಲ್ಲಿ ಸೂಜಿ ನೆಟ್ಟಗೆ ಕೆಳಮುಖವಾಗಿ ನಿಲ್ಲುತ್ತದೆ. ಎಂದರೆ, ಸೂಜಿಯ ಒಡೆಯನು ಆಕಾಶದಲ್ಲಿಲ್ಲ, ಕಾಲ ಕೆಳಗಿನ ನೆಲದಲ್ಲಿದ್ದಾನೆ ಎಂದಾಯಿತು.

ಆದರೆ ನಾವಿಕರಿಗೆ ಒಂದು ಚಿಂತೆ ಮೊದಲಿನಿಂದಲೂ ಇತ್ತು. ಸೂಜಿ ತೋರುವ ಉತ್ತರವೂ ನಕ್ಷತ್ರಗಳಿಂದ ತಿಳಿಯುವ ನಿಜವಾದ ಉತ್ತರವೂ ಒಂದೇ ಅಲ್ಲ. ಇವೆರಡರ ನಡುವಣ ಕೋನಕ್ಕೆ ದಿಕ್ಪಾತವೆಂದು ಹೆಸರು. 1538ರಲ್ಲಿ ಲಿಸ್ಬನ್ನಿನಿಂದ ಗೋವೆಗೆ ಬಂದ ಪೋರ್ತುಗೀಜ ನಾವಿಕ ಜೋವಾವ್ ದ ಕಾಸ್ತ್ರೋ ದಾರಿಯುದ್ದಕ್ಕೂ ದಿಕ್ಪಾತವನ್ನು ಅಳೆದು ಬರೆದಿಟ್ಟನು. ಹಡಗಿನ ಫಿರಂಗಿ ಹತ್ತಿರವಿದ್ದರೆ ಸೂಜಿ ತಪ್ಪು ತೋರುತ್ತದೆಂಬುದನ್ನೂ, ಪಶ್ಚಿಮ ಕರಾವಳಿಯ ಕೆಲವು ಬಂಡೆಗಳೂ ಅದನ್ನು ಎಳೆಯುತ್ತವೆಂಬುದನ್ನೂ ಅವನು ಕಂಡುಕೊಂಡನು. ಮುಂದೆ ಗೋವೆಯ ಆಡಳಿತವನ್ನು ನಡೆಸಿ, 1548ರಲ್ಲಿ ಅಲ್ಲಿಯೇ ತೀರಿಕೊಂಡ ಈ ನಾವಿಕನ ದಾಖಲೆಗಳು ಭೂಕಾಂತತೆಯ ಇತಿಹಾಸದಲ್ಲಿ ಬೆಲೆಯುಳ್ಳವು.

1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮೆಣಸು, ಬಟ್ಟೆಗಳಿಗಾಗಿ ಹಡಗುಗಳು ಈ ಕರಾವಳಿಗೆ ಬಂದು ಹೋಗತೊಡಗಿದವು. ಆ ಕಾಲದ ನಾವಿಕರು ಅಳೆದ ದಿಕ್ಪಾತಗಳನ್ನು ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ 1683ರಲ್ಲಿ ಒಂದು ಪಟ್ಟಿಯಲ್ಲಿ ಸಂಗ್ರಹಿಸಿದನು. ಅದರ ಪ್ರಕಾರ 1676ರಲ್ಲಿ ಮುಂಬಯಿಯಲ್ಲಿ ಸೂಜಿ ನಿಜವಾದ ಉತ್ತರಕ್ಕಿಂತ 12 ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿತ್ತು. ಇಂದು ಅಲ್ಲಿ ಆ ವಾಲು ಒಂದು ಡಿಗ್ರಿಯೂ ಇಲ್ಲ. ಕಾರವಾರದಲ್ಲಿ ಒಂದು ಡಿಗ್ರಿಯ ಆಸುಪಾಸಿನಲ್ಲಿದೆ. ಅದೇ ಕರಾವಳಿ, ಅದೇ ಬಂಡೆ, ಅದೇ ಬಗೆಯ ಸೂಜಿ. ಆದರೆ ಮೂರೂವರೆ ಶತಮಾನದಲ್ಲಿ ಅದು ತೋರುವ ದಿಕ್ಕು ಬೇರೆಯಾಗಿದೆ.

ಈ ವ್ಯತ್ಯಾಸ ಅಲ್ಪವೆಂದು ತಳ್ಳಿಹಾಕುವಂಥದಲ್ಲ. ಕಾರವಾರದಿಂದ ನೇರ ಪಶ್ಚಿಮಕ್ಕೆ 80 ಕಿಲೋಮೀಟರು ದೂರದಲ್ಲಿರುವ ತಾಂಡೇಲನೊಬ್ಬನು ಮಬ್ಬುಗವಿದ ಸಂಜೆಯಲ್ಲಿ ಮನೆಗೆ ಮರಳುತ್ತಿದ್ದಾನೆಂದು ಭಾವಿಸೋಣ. ಅವನು 1676ರ 12 ಡಿಗ್ರಿಯ ತಿದ್ದುಪಡಿಯನ್ನೇ ನಂಬಿ ದೋಣಿಯನ್ನು ಪೂರ್ವಕ್ಕೆ ನಡೆಸಿದರೆ 11 ಡಿಗ್ರಿಗಳಷ್ಟು ದಾರಿ ತಪ್ಪುತ್ತಾನೆ. ಕಾರವಾರದ ಎದುರಿಗೆ ಬರುವ ಬದಲು ಸುಮಾರು 15 ಕಿಲೋಮೀಟರು ದಕ್ಷಿಣಕ್ಕೆ ಸರಿದು ಅಂಕೋಲೆಯ ಕಡೆಯ ತೀರವನ್ನು ಮುಟ್ಟುತ್ತಾನೆ. ತನ್ನ ಊರಿನ ದೀಪಸ್ತಂಭವನ್ನು ಹುಡುಕುವವನಿಗೆ ಕತ್ತಲೆಯಲ್ಲಿ ಅಪರಿಚಿತ ಬಂಡೆಗಳು ಎದುರಾಗಬಹುದು. ಆದುದರಿಂದಲೇ ನೌಕಾನಕ್ಷೆಗಳಲ್ಲಿ ದಿಕ್ಪಾತವನ್ನು ಮಾತ್ರವಲ್ಲದೆ, ಅದು ವರ್ಷಕ್ಕೆ ಎಷ್ಟು ಬದಲಾಗುತ್ತದೆಂಬುದನ್ನೂ ಮುದ್ರಿಸುತ್ತಾರೆ. ಇಡೀ ಭೂಮಿಗೆ ಅನ್ವಯಿಸುವ ಕಾಂತಕ್ಷೇತ್ರದ ಲೆಕ್ಕವನ್ನು ವಿಜ್ಞಾನಿಗಳು ಐದು ವರ್ಷಗಳಿಗೊಮ್ಮೆ ಹೊಸದಾಗಿ ಸಿದ್ಧಪಡಿಸುತ್ತಾರೆ.

ಶಾಲೆಯಲ್ಲಿರುವ ಲಾಳಾಕಾರದ ಅಯಸ್ಕಾಂತ ಹೀಗೆ ತಾನಾಗಿ ದಿಕ್ಕು ಬದಲಿಸುವುದಿಲ್ಲ. ಭೂಮಿಯೆಂಬ ಅಯಸ್ಕಾಂತ ಮಾತ್ರ ಏಕೆ ಬದಲಾಗುತ್ತದೆ? ಹ್ಯಾಲಿ 1692ರಲ್ಲಿ ಇದಕ್ಕೆ ಒಂದು ಉತ್ತರವನ್ನು ಊಹಿಸಿದನು. ಭೂಮಿಯ ಹೊರಚಿಪ್ಪಿನೊಳಗೆ ಇನ್ನೊಂದು ಗೋಳವಿದ್ದು, ಅದು ಹೊರಗಿನದಕ್ಕಿಂತ ತುಸು ಬೇರೆ ವೇಗದಲ್ಲಿ ತಿರುಗುತ್ತಿರಬಹುದು ಎಂಬುದೇ ಆ ಊಹೆ. ಅವನು ಕಲ್ಪಿಸಿದ ರಚನೆ ಸರಿಯಲ್ಲವೆಂದು ಮುಂದೆ ತಿಳಿಯಿತು. ಆದರೂ ಮೇಲೆ ಸೂಜಿ ಸರಿಯುತ್ತಿದೆಯೆಂದರೆ ಕೆಳಗೆ ಏನೋ ಚಲಿಸುತ್ತಿದೆ ಎಂಬ ಅವನ ತರ್ಕ ಇಂದಿಗೂ ನಿಂತಿದೆ. ಜರ್ಮನಿಯ ಗಣಿತಜ್ಞ ಗೌಸ್ 1839ರಲ್ಲಿ, ಹಲವು ದೇಶಗಳಲ್ಲಿ ಪಡೆದ ಅಳತೆಗಳನ್ನು ಲೆಕ್ಕಹಾಕಿ, ಈ ಕಾಂತಕ್ಷೇತ್ರದ ಬಹುಭಾಗ ಭೂಮಿಯ ಒಳಗಿನಿಂದಲೇ ಹುಟ್ಟುತ್ತದೆಂದು ಸಿದ್ಧಪಡಿಸಿದನು.

ಇಂಥ ಅಳತೆಗಳ ಕೆಲಸ ಭಾರತದ ಪಶ್ಚಿಮ ಕರಾವಳಿಯಲ್ಲಿಯೂ ನಡೆಯಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತತೆಯನ್ನು ಅಳೆಯತೊಡಗಿದರು. ನಗರಕ್ಕೆ ವಿದ್ಯುತ್ ಟ್ರಾಮುಗಳು ಬರುವ ಸೂಚನೆ ಕಂಡಾಗ, ಅವುಗಳ ವಿದ್ಯುತ್ಪ್ರವಾಹದಿಂದ ಅಳತೆಗಳು ಕೆಡುವುದೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಅಲ್ಲಿ ಕಬ್ಬಿಣದ ಸೋಂಕಿಲ್ಲದ ಕಟ್ಟಡಗಳಲ್ಲಿ ಉಪಕರಣಗಳನ್ನಿರಿಸಲಾಯಿತು. ಕಾರವಾರದಿಂದ ಉತ್ತರಕ್ಕೆ 400 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿರುವ ಈ ವೀಕ್ಷಣಾಲಯ ಇಂದು ಭಾರತೀಯ ಭೂಕಾಂತತಾ ಸಂಸ್ಥೆಗೆ ಸೇರಿದೆ. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಬಂದ ಮಹಾ ಕಾಂತಬಿರುಗಾಳಿಯನ್ನು ಕೊಲಾಬಾದ ಉಪಕರಣಗಳು ಗುರುತಿಸಿದ್ದವು. ಸೂರ್ಯನಿಂದಾಗುವ ಇಂಥ ತಳಮಳ ಕೆಲವು ಗಂಟೆ ಅಥವಾ ದಿನಗಳಲ್ಲಿ ಅಡಗುತ್ತದೆ. ದಶಕ ದಶಕಕ್ಕೂ ನಿಧಾನವಾಗಿ ಒಂದೇ ಕಡೆಗೆ ನಡೆಯುವ ಬದಲಾವಣೆ ಮಾತ್ರ ಬೇರೆಯದು. ಅದರ ಬೇರು ಭೂಗರ್ಭದಲ್ಲಿದೆ.

ಭೂಗರ್ಭವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ 6,371 ಕಿಲೋಮೀಟರು ದೂರ. ಮನುಷ್ಯನು ಕೊರೆದ ಅತ್ಯಂತ ಆಳವಾದ ರಂಧ್ರ, ರಷ್ಯಾ ದೇಶದ ಕೋಲಾ ಎಂಬಲ್ಲಿಯದು, 12 ಕಿಲೋಮೀಟರನ್ನು ಸ್ವಲ್ಪ ದಾಟಿ ನಿಂತಿದೆ. ಅಲ್ಲಿಂದಾಚೆಯ ಸುದ್ದಿಯನ್ನು ತಂದವು ಭೂಕಂಪದ ಅಲೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದು 1897ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಸಿಸಿದ ರಿಚರ್ಡ್ ಓಲ್ಡ್‌ಹ್ಯಾಮ್, ಈ ಅಲೆಗಳ ಬಗೆಗಳನ್ನು ವಿಂಗಡಿಸಿದನು. ಭೂಮಿಯ ನಡುವೆ ಬೇರೆ ಗುಣದ ಒಂದು ಕೇಂದ್ರಗೋಳವಿದೆಯೆಂದು ಅವನು 1906ರಲ್ಲಿ ತೋರಿಸಿಕೊಟ್ಟನು. ಆ ಗೋಳ ದ್ರವರೂಪದಲ್ಲಿದೆಯೆಂದು ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ವಾದಿಸಿದನು. ಅದರ ನಟ್ಟನಡುವೆ ಬೇರೆಯೇ ಆದ ಇನ್ನೊಂದು ಚಿಕ್ಕ ಗೋಳ ಅಡಗಿದೆಯೆಂದು ಡೆನ್ಮಾರ್ಕಿನ ವಿಜ್ಞಾನಿ ಇಂಗೆ ಲೇಮನ್ 1936ರಲ್ಲಿ ಕಂಡುಹಿಡಿದಳು. ಅದು ಘನರೂಪದ್ದೆಂಬುದು ಮುಂದೆ ಸ್ಪಷ್ಟವಾಯಿತು.

ಇಂದು ತಿಳಿದಿರುವ ಚಿತ್ರ ಹೀಗಿದೆ. ಮೇಲಿನಿಂದ ಸುಮಾರು 2,900 ಕಿಲೋಮೀಟರುಗಳ ವರೆಗೆ ಕಲ್ಲಿನ ಪದರಗಳಿವೆ. ಅವುಗಳ ಕೆಳಗೆ 2,200 ಕಿಲೋಮೀಟರಿಗೂ ಹೆಚ್ಚು ದಪ್ಪನಾದ ಹೊರ ಕೇಂದ್ರಗೋಳವಿದೆ. ಇದು ಕರಗಿದ ಕಬ್ಬಿಣದ ಕಡಲು. ಕಬ್ಬಿಣದೊಡನೆ ನಿಕ್ಕಲ್ಲೂ ಕೆಲವು ಹಗುರ ಧಾತುಗಳೂ ಬೆರೆತಿವೆ. ಇದರ ನಡುವೆ ಸುಮಾರು 1,220 ಕಿಲೋಮೀಟರು ತ್ರಿಜ್ಯದ ಘನವಾದ ಒಳ ಕೇಂದ್ರಗೋಳವಿದೆ. ಅರಬ್ಬೀ ಸಮುದ್ರದ ಮೇಲೆ ತೇಲುವ ದೋಣಿಯ ಅಡಿಯಲ್ಲಿ, ನೀರಿನ ತಳದ ಕಲ್ಲಿನ ಕೆಳಗೆ, ಹೀಗೆ ಇನ್ನೊಂದು ಕಡಲಿದೆ.

ಇಷ್ಟು ಕಬ್ಬಿಣವಿದ್ದ ಮೇಲೆ ಅದೇ ಒಂದು ದೊಡ್ಡ ಅಯಸ್ಕಾಂತವಾಗಿರಬಾರದೇಕೆ ಎಂದು ತೋರಬಹುದು. ಆದರೆ ಕಬ್ಬಿಣವನ್ನು 770 ಸೆಲ್ಸಿಯಸ್ ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಅದು ಅಯಸ್ಕಾಂತವಾಗಿ ಉಳಿಯಲಾರದು. ಕೇಂದ್ರಗೋಳದ ಉಷ್ಣತೆಯಾದರೋ ಸಾವಿರಾರು ಡಿಗ್ರಿ. ಆದುದರಿಂದ ಅಲ್ಲಿನ ಕಾಂತತ್ವ ಕಬ್ಬಿಣದ ಹುಟ್ಟುಗುಣದಿಂದ ಬಂದುದಲ್ಲ. ಅದು ಬೇರೆ ದಾರಿಯಿಂದ ಬರಬೇಕು. 1820ರಲ್ಲಿ ಅರ್ಸ್ಟೆಡ್ ವಿದ್ಯುತ್ಪ್ರವಾಹವಿರುವ ತಂತಿಯ ಬಳಿ ಸೂಜಿ ತಿರುಗುವುದನ್ನು ಕಂಡನು. 1831ರಲ್ಲಿ ಫ್ಯಾರಡೆ ಇದಕ್ಕೆ ವಿಲೋಮವಾದುದನ್ನು ಕಂಡುಹಿಡಿದನು. ಕಾಂತಕ್ಷೇತ್ರವನ್ನು ಅಡ್ಡಹಾಯ್ದು ಚಲಿಸುವ ವಾಹಕದಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆಂಬುದೇ ಆ ಶೋಧ. ಭೂಮಿಯ ಕಾಂತತ್ವದ ರಹಸ್ಯಕ್ಕೆ ಈ ಎರಡು ಶೋಧಗಳೇ ಬೀಗದ ಕೈ.

ಇದರ ನಿದರ್ಶನ ಕಾರವಾರ ತಾಲ್ಲೂಕಿನಲ್ಲಿಯೇ ಇದೆ. ಕಾಳಿ ನದಿಗೆ ಕಟ್ಟಿದ ಕದ್ರಾ ಅಣೆಕಟ್ಟಿನ ಕೆಳಗೆ 50 ಮೆಗಾವಾಟಿನ ಮೂರು ವಿದ್ಯುದುತ್ಪಾದಕಗಳಿವೆ. ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಡನೆ ಕಾಂತಕ್ಷೇತ್ರ ತಿರುಗುತ್ತದೆ. ತಂತಿಯ ಸುರುಳಿಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಬೈಸಿಕಲ್ಲಿನ ದೀಪ ಉರಿಸುವ ಡೈನಮೋ ಕೂಡ ಇದೇ ತತ್ತ್ವದ್ದು. ಬೈಸಿಕಲ್ಲಿನ ಡೈನಮೋದಲ್ಲಿ ಸಿದ್ಧವಾದ ಅಯಸ್ಕಾಂತವನ್ನೇ ಇಟ್ಟಿರುತ್ತಾರೆ. ದೊಡ್ಡ ಯಂತ್ರಗಳಲ್ಲಿ ಹಾಗಲ್ಲ. ಯಂತ್ರ ಹುಟ್ಟಿಸಿದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಅದರ ಸುರುಳಿಗಳಿಗೇ ಹಿಂದಿರುಗಿಸಿ, ಕಾಂತಕ್ಷೇತ್ರವನ್ನು ಉಳಿಸಿಕೊಳ್ಳಬಹುದು. ಮೊದಲಿಗೆ ಅತ್ಯಲ್ಪ ಕಾಂತತ್ವವಿದ್ದರೂ ಸಾಕು. ಅದರಿಂದ ಸ್ವಲ್ಪ ವಿದ್ಯುತ್ತು, ಆ ವಿದ್ಯುತ್ತಿನಿಂದ ಹೆಚ್ಚಿನ ಕಾಂತತ್ವ, ಅದರಿಂದ ಮತ್ತೂ ಹೆಚ್ಚಿನ ವಿದ್ಯುತ್ತು ಎಂದು ಬೆಳೆಯುತ್ತದೆ. ಆದರೆ ಯಾವುದೂ ಬಿಟ್ಟಿಯಾಗಿ ಬರುವುದಿಲ್ಲ. ಚಕ್ರವನ್ನು ತಿರುಗಿಸುವ ನೀರಿನ ಶಕ್ತಿಯೇ ವಿದ್ಯುತ್ತಾಗಿ, ಕಾಂತತ್ವವಾಗಿ ರೂಪಾಂತರ ಹೊಂದುತ್ತದೆ. ನೀರು ನಿಂತರೆ ಎಲ್ಲವೂ ನಿಲ್ಲುತ್ತದೆ.

ಭೂಗರ್ಭದಲ್ಲಿ ಚಕ್ರವೂ ಇಲ್ಲ, ತಂತಿಯೂ ಇಲ್ಲ. ಅಲ್ಲಿ ಹರಿಯುವ ದ್ರವವೇ ವಾಹಕ. ಹರಿಯುವ ದ್ರವವೊಂದು ತಂತಿಯಂತೆ ವರ್ತಿಸುವುದುಂಟೆ? ಈ ಪ್ರಶ್ನೆ ಫ್ಯಾರಡೆಗೂ ಎದುರಾಗಿತ್ತು. ಅವನು 1832ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯ ಮೇಲೆ ಉದ್ದನೆಯ ತಾಮ್ರದ ತಂತಿಯನ್ನು ಎಳೆಸಿ, ಅದರ ತುದಿಗಳ ತಗಡುಗಳನ್ನು ಥೇಮ್ಸ್ ನದಿಯಲ್ಲಿ ಇಳಿಬಿಟ್ಟನು. ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನದಿಯೂ ವಿದ್ಯುತ್ತನ್ನು ಹುಟ್ಟಿಸಬೇಕೆಂಬುದು ಅವನ ತರ್ಕ. ಅಂದಿನ ಉಪಕರಣಗಳಿಂದ ಅದನ್ನು ಖಚಿತವಾಗಿ ಕಾಣಲಾಗಲಿಲ್ಲ. ಆದರೆ ಅವನ ತರ್ಕ ಸರಿಯಾಗಿತ್ತು. ಭರತದ ವೇಳೆ ಕಾಳಿ ಮತ್ತು ಗಂಗಾವಳಿ ನದಿಗಳ ಅಳಿವೆಗಳೊಳಗೆ ನುಗ್ಗುವ ಉಪ್ಪುನೀರಿನಲ್ಲಿಯೂ ಅತಿ ಸೂಕ್ಷ್ಮವಾದ ವಿದ್ಯುತ್ತು ಪ್ರೇರಿತವಾಗುತ್ತದೆ. ನೀರಿಗೆ ಈ ವಾಹಕಗುಣವನ್ನು ಕೊಡುವುದು ಉಪ್ಪು. 1930ರಲ್ಲಿ ಅಂಕೋಲೆಯ ಜನ ಕಾನೂನು ಮುರಿದು ತಯಾರಿಸಿದ ಅದೇ ಉಪ್ಪು. ಸಾಗರಗಳ ಭರತ ಇಳಿತಗಳಿಂದ ಹುಟ್ಟುವ ನವಿರಾದ ಕಾಂತಕ್ಷೇತ್ರವನ್ನು ಇಂದು ಉಪಗ್ರಹಗಳು ಆಕಾಶದಿಂದಲೇ ಗುರುತಿಸಿವೆ. ಸಮುದ್ರದ ನೀರಿಗಿಂತ ಕರಗಿದ ಕಬ್ಬಿಣ ಲಕ್ಷಾಂತರ ಪಟ್ಟು ಉತ್ತಮ ವಾಹಕ; ಆ ಕಬ್ಬಿಣದ ಕಡಲಿನ ಆಳವೋ ಸಾವಿರಾರು ಕಿಲೋಮೀಟರು. ಆದುದರಿಂದ ನೀರಿನ ಕಡಲಿಗೆ ಸಾಧ್ಯವಾಗದ ಕಾರ್ಯ ಕಬ್ಬಿಣದ ಕಡಲಿಗೆ ಸಾಧ್ಯವಾಗಿದೆ.

ಆ ಕಡಲನ್ನು ಕಲಕುವ ಶಕ್ತಿ ಯಾವುದು? ಒಲೆಯ ಮೇಲೆ ಕುದಿಯುವ ಗಂಜಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಳದಲ್ಲಿ ಕಾದ ಗಂಜಿ ಹಗುರಾಗಿ ಮೇಲೇರುತ್ತದೆ. ಮೇಲೆ ತಣಿದುದು ಭಾರವಾಗಿ ಕೆಳಗಿಳಿಯುತ್ತದೆ. ಇದೇ ಸಂವಹನ. ಕೇಂದ್ರಗೋಳ ತನ್ನ ಶಾಖವನ್ನು ಮೇಲಿನ ಕಲ್ಲಿನ ಪದರಗಳಿಗೆ ಸತತವಾಗಿ ಬಿಟ್ಟುಕೊಡುತ್ತ ಮೆಲ್ಲಮೆಲ್ಲನೆ ತಣಿಯುತ್ತಿದೆ. ತಣಿದಂತೆಲ್ಲ ಅದರ ಕಬ್ಬಿಣ ಒಳಗೋಳದ ಮೇಲೆ ಹೆಪ್ಪುಗಟ್ಟುತ್ತದೆ. ಆಗ ದ್ರವದಲ್ಲಿ ಉಳಿದ ಹಗುರ ಧಾತುಗಳು ಮೇಲಕ್ಕೇರುತ್ತವೆ. ಶಾಖ ಮತ್ತು ಈ ಹಗುರ ಧಾತುಗಳ ಏರಿಕೆ ಎರಡೂ ಸೇರಿ ಕಬ್ಬಿಣದ ಕಡಲನ್ನು ಸದಾ ಕಲಕುತ್ತಿರುತ್ತವೆ. ಆ ಹರಿವಿನ ವೇಗ ವರ್ಷಕ್ಕೆ ಸುಮಾರು 20 ಕಿಲೋಮೀಟರು, ಎಂದರೆ ದಿನಕ್ಕೆ ಐವತ್ತು ಅರವತ್ತು ಮೀಟರು. ಇರುವೆಯ ನಡಿಗೆಗಿಂತಲೂ ಅದು ಮಂದಗತಿ. ಆದರೆ ಕಲ್ಲಿನ ಪದರಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರು ಸರಿಯುವುದನ್ನು ನೆನೆದರೆ ಇದು ಭೂಗರ್ಭದ ಮಹಾವೇಗವೇ ಸರಿ.

ಬರಿಯ ಕುದಿತದಿಂದ ಕೆಲಸ ಪೂರ್ತಿಯಾಗದು. 1934ರಲ್ಲಿ ಕೌಲಿಂಗ್ ಎಂಬ ಗಣಿತಜ್ಞನು, ಅಕ್ಷದ ಸುತ್ತ ಎಲ್ಲ ಕಡೆಗೂ ಒಂದೇ ಸಮನಾಗಿರುವ ಸರಳ ಕಾಂತಕ್ಷೇತ್ರವನ್ನು ಇಂಥ ಡೈನಮೋ ಕಾಪಾಡಲಾರದೆಂದು ತೋರಿಸಿದನು. ಹರಿವಿಗೆ ತಿರುಚು ಬೇಕು. ಆ ತಿರುಚನ್ನು ಕೊಡುವುದು ಭೂಮಿಯ ದೈನಂದಿನ ಭ್ರಮಣೆ. ಮಳೆಗಾಲದ ಗಾಳಿ ಇದಕ್ಕೆ ಹತ್ತಿರದ ಉದಾಹರಣೆ. ದಕ್ಷಿಣ ಗೋಲಾರ್ಧದಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಭೂಮಧ್ಯರೇಖೆಯನ್ನು ದಾಟಿದೊಡನೆ, ಭೂಭ್ರಮಣೆಯಿಂದಾಗಿ ಬಲಕ್ಕೆ ಬಾಗಿ, ನೈರುತ್ಯ ಮಾರುತವಾಗಿ ಕಾರವಾರಕ್ಕೆ ಮಳೆ ತರುತ್ತದೆ. ಹಾಗೆಯೇ ಭೂಗರ್ಭದಲ್ಲಿ ಏರಿಳಿಯುವ ಕಬ್ಬಿಣವೂ ಬಾಗಿ, ಸುರುಳಿಸುರುಳಿಯಾಗಿ ಹರಿಯುತ್ತದೆ. ಉಬ್ಬರದ ಸೆಳೆತಕ್ಕೆ ಸಿಕ್ಕ ಬಲೆಯ ಹಗ್ಗಗಳು ನೀರಿನೊಡನೆ ಎಳೆದು, ಹುರಿಗೊಂಡು, ಮಡಿಚಿಕೊಳ್ಳುವಂತೆ, ಕಾಂತರೇಖೆಗಳು ಆ ದ್ರವದೊಡನೆ ಎಳೆದು ಹುರಿಗೊಳ್ಳುತ್ತವೆ. ಹೀಗೆ ಎಳೆಯುವಾಗ ಹರಿವಿನ ಶಕ್ತಿ ಕಾಂತಶಕ್ತಿಯಾಗಿ ಮಾರ್ಪಡುತ್ತದೆ. ಸವೆದ ಕಾಂತಕ್ಷೇತ್ರ ಮತ್ತೆ ತುಂಬಿಕೊಳ್ಳುತ್ತದೆ.

ಈ ವಿವರಣೆ ಕಾಗದದ ಮೇಲಿನ ಊಹೆಯಾಗಿಯೇ ಉಳಿಯಲಿಲ್ಲ. 1995ರಲ್ಲಿ ಗ್ಲಾಟ್ಸ್‌ಮೈಯರ್ ಮತ್ತು ರಾಬರ್ಟ್ಸ್ ಎಂಬ ವಿಜ್ಞಾನಿಗಳು ಗಣಕಯಂತ್ರದಲ್ಲಿ ಇಂಥ ಗೋಳವನ್ನು ಲೆಕ್ಕದಿಂದ ಕಲ್ಪಿಸಿದಾಗ, ಭೂಮಿಯದನ್ನು ಹೋಲುವ ಕಾಂತಕ್ಷೇತ್ರ ತಾನಾಗಿ ಉಳಿದುಬಂದಿತು. 1999ರಲ್ಲಿ ಲಾಟ್ವಿಯಾ ದೇಶದ ರೀಗಾದಲ್ಲಿ ಕರಗಿಸಿದ ಸೋಡಿಯಂ ಲೋಹವನ್ನು ಸುರುಳಿಯಾಗಿ ವೇಗದಿಂದ ಹರಿಸಿದಾಗ, ಅದರಲ್ಲಿ ಕಾಂತಕ್ಷೇತ್ರ ತಾನಾಗಿ ಹುಟ್ಟಿ ಬೆಳೆದುದನ್ನು ಕಣ್ಣಾರೆ ಅಳೆದರು.

ಚಲನೆ ನಿಂತುಹೋದರೆ ಏನಾದೀತು? ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಭೂಮಿಯ ಕಾಂತತ್ವ ಅಡಗಿಹೋದೀತೆಂದು ಲೆಕ್ಕ ಹೇಳುತ್ತದೆ. ಭೂಮಿಯ ವಯಸ್ಸಿನ ಮುಂದೆ ಅದು ಕಣ್ಣೆವೆಯಿಕ್ಕುವಷ್ಟು ಹೊತ್ತು. ಕಾರವಾರದ ಸುತ್ತಲಿನ ಪಟ್ಟೆಪಟ್ಟೆಯಾದ ನೈಸ್ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಗಳಿಗೂ ಹಳೆಯವು. ದಕ್ಷಿಣ ಆಫ್ರಿಕದ ಪ್ರಾಚೀನ ಶಿಲೆಗಳು ಸುಮಾರು 340 ಕೋಟಿ ವರ್ಷಗಳ ಹಿಂದೆಯೇ ಭೂಮಿಗೆ ಕಾಂತಕ್ಷೇತ್ರವಿತ್ತೆಂದು ಸಾಕ್ಷಿ ನುಡಿಯುತ್ತವೆ. ಅಂದಿನಿಂದ ಇಂದಿನವರೆಗೂ ಉಳಿದುಬಂದಿರುವುದರಿಂದಲೇ, ಭೂಗರ್ಭದ ಡೈನಮೋ ಅದನ್ನು ಎಡೆಬಿಡದೆ ಹೊಸದಾಗಿ ಹುಟ್ಟಿಸುತ್ತಿದೆಯೆಂದು ತಿಳಿಯಬೇಕು. ಸೂಜಿಯ ದಿಕ್ಕು ಬದಲಾಗುವುದಕ್ಕೂ ಇದೇ ಕಾರಣ. ಹರಿವು ಬದಲಾದಂತೆ ಅದು ಹೊತ್ತ ಕಾಂತರೇಖೆಗಳೂ ಸರಿಯುತ್ತವೆ. ಉತ್ತರ ಕಾಂತಧ್ರುವ ಕೂಡ ಒಂದೆಡೆ ನಿಂತಿಲ್ಲ. 1831ರಲ್ಲಿ ಕೆನಡಾದ ಉತ್ತರದಲ್ಲಿ ಗುರುತಿಸಿದ ಅದು ಅಲ್ಲಿಂದ ಸರಿಯುತ್ತ ಸೈಬೀರಿಯಾದ ದಿಕ್ಕಿಗೆ ಸಾಗಿದೆ.

ಕೆಲವೊಮ್ಮೆ ಈ ಬದಲಾವಣೆ ಪರಮಾವಧಿಯನ್ನು ಮುಟ್ಟಿ, ಉತ್ತರ ದಕ್ಷಿಣಗಳು ಅದಲುಬದಲಾಗುವುದೂ ಉಂಟು. ಲಾವಾರಸ ತಣಿದು ಕಲ್ಲಾಗುವಾಗ ಅದರಲ್ಲಿನ ಕಬ್ಬಿಣದ ಖನಿಜಗಳು ಆ ಕಾಲದ ಕಾಂತದಿಕ್ಕನ್ನು ಮುದ್ರೆಯೊತ್ತಿದಂತೆ ಉಳಿಸಿಕೊಳ್ಳುತ್ತವೆ. 1906ರಲ್ಲಿ ಫ್ರಾನ್ಸಿನ ಬ್ರೂನ್, 1929ರಲ್ಲಿ ಜಪಾನಿನ ಮತುಯಾಮಾ ಇಂಥ ಶಿಲೆಗಳಲ್ಲಿ ತಿರುಗುಮುರುಗಾದ ಮುದ್ರೆಗಳನ್ನು ಗುರುತಿಸಿದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನಿನ ಲಾವಾ ಪದರಗಳಲ್ಲಿಯೂ ಇದು ಕಾಣುತ್ತದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ತಿರುಗುಮುರುಗಾದ ಮುದ್ರೆಯುಳ್ಳ ದಪ್ಪ ಪದರಗಳ ಮೇಲೆ ಇಂದಿನ ರೀತಿಯ ಮುದ್ರೆಯುಳ್ಳ ಪದರಗಳಿವೆ. ಕೊನೆಯ ಅದಲುಬದಲು ನಡೆದು ಸುಮಾರು 7.8 ಲಕ್ಷ ವರ್ಷಗಳಾದವು. 1840ರಿಂದೀಚೆಗೆ ಭೂಮಿಯ ಮುಖ್ಯ ಕಾಂತಬಲ ನೂರಕ್ಕೆ ಒಂಬತ್ತರಷ್ಟು ಕುಗ್ಗಿದೆ. ಆದರೆ ಇಂಥ ಏರಿಳಿತಗಳು ಹಿಂದೆಯೂ ಆಗಿವೆ. ಪೂರ್ಣ ಅದಲುಬದಲಿಗೆ ಸಾವಿರಾರು ವರ್ಷಗಳು ಹಿಡಿಯುವುದರಿಂದ, ಬೆಳಗಾಗುವುದರೊಳಗೆ ತಾಂಡೇಲನ ಸೂಜಿ ದಕ್ಷಿಣಕ್ಕೆ ತಿರುಗೀತೆಂದು ಅಂಜಬೇಕಾದುದಿಲ್ಲ.

ಈ ಕಾಂತಕ್ಷೇತ್ರ ದಾರಿ ತೋರುವುದಕ್ಕಷ್ಟೇ ಸೀಮಿತವಲ್ಲ. ಅದು ಆಕಾಶದಲ್ಲಿ ಸಾವಿರಾರು ಕಿಲೋಮೀಟರು ಚಾಚಿ, ಸೂರ್ಯನಿಂದ ಧಾವಿಸಿ ಬರುವ ವಿದ್ಯುತ್ಕಣಗಳ ಬಹುಭಾಗವನ್ನು ಪಕ್ಕಕ್ಕೆ ಸರಿಸುತ್ತದೆ. ಮಂಗಳಗ್ರಹಕ್ಕೂ ಒಮ್ಮೆ ಇಂಥ ಕ್ಷೇತ್ರವಿತ್ತು. ಅದರ ಭೂಗರ್ಭದ ಡೈನಮೋ ನಿಂತುಹೋಯಿತು. ಅಲ್ಲಿನ ವಾತಾವರಣ ಇಂದು ಅತಿ ತೆಳುವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಈ ಕವಚವಿದ್ದೂ ಸೂರ್ಯನ ಪ್ರಕೋಪ ಕೆಲವೊಮ್ಮೆ ಭೂಮಿಯನ್ನು ತಟ್ಟುತ್ತದೆ. 1989ರ ಮಾರ್ಚಿಯಲ್ಲಿ ಬಂದ ಕಾಂತಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು. ಕವಚ ತೆಳುವಾದರೆ ಇಂಥ ತೊಂದರೆಗಳು ಹೆಚ್ಚಬಹುದಾದುದರಿಂದಲೇ ಅಲಿಬಾಗಿನಂಥ ವೀಕ್ಷಣಾಲಯಗಳಲ್ಲಿ ಹಗಲಿರುಳೂ ಅಳತೆ ನಡೆಯುತ್ತದೆ.

ಸಂಜೆಯಾಗುತ್ತದೆ. ಮೀನು ತುಂಬಿದ ದೋಣಿ ಕಾರವಾರದತ್ತ ಮುಖಮಾಡುತ್ತದೆ. ಮಬ್ಬಿನಲ್ಲಿ ತೀರ ಕಾಣದು. ತಾಂಡೇಲನು ಕಬ್ಬಿಣದ ಲಂಗರನ್ನು ದಿಕ್ಸೂಚಿಯಿಂದ ದೂರಕ್ಕೆ ಸರಿಸಿ, ಸೂಜಿಯನ್ನು ನೋಡಿ, ರೂಢಿಯ ತಿದ್ದುಪಡಿಯನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕಿ, ಚುಕ್ಕಾಣಿಯನ್ನು ತುಸು ತಿರುಗಿಸುತ್ತಾನೆ. ಅವನ ದೋಣಿಯ ಅಡಿಯಲ್ಲಿ ನೀರಿನ ಕಡಲು ಹೊಯ್ದಾಡುತ್ತಿದೆ. ಅದಕ್ಕೂ ಬಹು ಆಳದಲ್ಲಿ ಕಬ್ಬಿಣದ ಕಡಲು ಸದ್ದಿಲ್ಲದೆ ಸುತ್ತುತ್ತಿದೆ. ಆ ಕಡಲಿನ ಚಲನೆಯೇ ಸೂಜಿಗೆ ದಿಕ್ಕನ್ನು ಕೊಟ್ಟಿದೆ. ಅದೇ ಚಲನೆ ಆ ದಿಕ್ಕನ್ನು ಮೆಲ್ಲನೆ ಸರಿಸುತ್ತಲೂ ಇದೆ. ಆದುದರಿಂದ ಸೂಜಿಯನ್ನು ನಂಬಬೇಕು. ಅದರ ಲೆಕ್ಕವನ್ನು ಕಾಲಕಾಲಕ್ಕೆ ತಿದ್ದಿಕೊಳ್ಳಲೂ ಬೇಕು. ಸ್ವಲ್ಪ ಹೊತ್ತಿನಲ್ಲಿ ದೇವಗಡದ ದೀಪ ಮಿನುಗುತ್ತದೆ. ಅದರ ಹಿಂದೆ ಊರಿನ ದೀಪಗಳು ಒಂದೊಂದಾಗಿ ಕಾಣತೊಡಗುತ್ತವೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ದಿಕ್ಪಾತವೆಂದರೇನು?
2. ಕೊಲಾಬಾದಲ್ಲಿ ನಡೆಯುತ್ತಿದ್ದ ಭೂಕಾಂತತೆಯ ಅಳತೆಯನ್ನು ಅಲಿಬಾಗಿಗೆ ಸಾಗಿಸಲು ಕಾರಣವೇನು?
3. ಒಳ ಕೇಂದ್ರಗೋಳವನ್ನು ಕಂಡುಹಿಡಿದವರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಹಳೆಯ ತಿದ್ದುಪಡಿಯನ್ನು ನಂಬಿದ ತಾಂಡೇಲನು ಅಂಕೋಲೆಯ ಕಡೆಗೆ ಹೋಗುವುದೇಕೆ?
2. ಕೇಂದ್ರಗೋಳದ ಕಬ್ಬಿಣ ಶಾಶ್ವತ ಅಯಸ್ಕಾಂತವಾಗಿರಲಾರದು ಏಕೆ?
3. ಕುದಿಯುವ ಗಂಜಿ ಮತ್ತು ನೈರುತ್ಯ ಮಾರುತಗಳ ಉದಾಹರಣೆಗಳಿಂದ ಏನು ತಿಳಿಯುತ್ತದೆ?

ಇ. ಕದ್ರಾದ ವಿದ್ಯುದುತ್ಪಾದಕಕ್ಕೂ ಭೂಗರ್ಭದ ಡೈನಮೋಗೂ ಇರುವ ಹೋಲಿಕೆ ಹಾಗೂ ವ್ಯತ್ಯಾಸಗಳನ್ನು ವಿವರಿಸಿರಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ:
ಮಳೆಗಾಲ, ಉತ್ತರಾಭಿಮುಖ, ವಾತಾವರಣ, ಗೋಲಾರ್ಧ.

ಉ. ಮಾಡಿ ನೋಡಿರಿ:
ದಿಕ್ಸೂಚಿಯೊಂದರ ಬಳಿಗೆ ಕಬ್ಬಿಣದ ಕತ್ತಿ, ತಾಮ್ರದ ತಂಬಿಗೆ, ಊರಿನ ಬೇರೆ ಬೇರೆ ಕಲ್ಲುಗಳು ಇವನ್ನು ಒಂದೊಂದಾಗಿ ತಂದು, ಸೂಜಿಯ ನಡತೆಯನ್ನು ಗಮನಿಸಿ ಬರೆಯಿರಿ.